ಬಲಕ್ಕೆ ವಾಲಿದ ಪದ್ಮಿನಿ: ತಗ್ಗಿದ್ದು ಮುಂದೆ, ಮುರಿದಿದ್ದು ಹಿಂದೆ

ಪೊನ್ನಂಪೇಟೆ ಕಡೆಯ ಒಬ್ಬ ಕಾಫಿ ಬೆಳೆಗಾರರ ಪ್ರೀಮಿಯರ್ ಪದ್ಮಿನಿ ಇದು. 80ರ ದಶಕದ ಗಾಡಿ. ಕಾರು ಬಲಕ್ಕೆ ವಾಲಿತ್ತು. ನೋಡಿದವರೆಲ್ಲ ಬಲ ಮುಂದಿನ ಸ್ಪ್ರಿಂಗ್ ಕೂತಿದೆ ಅಂದರು. ಅಲ್ಲೇ ಕೆಲಸವೂ ಆಯಿತು. ಓರೆ ಸ್ವಲ್ಪ ಕಡಿಮೆಯಾಯಿತು, ಆದರೆ ಓಡಿಸೋಕೆ ಗಾಡಿ ಇನ್ನಷ್ಟು ಕೆಟ್ಟಿತು. ಕೊನೆಗೆ ಸಿಕ್ಕಿದ ತಪ್ಪು ಉಕ್ಕಿನ ಪ್ಲೇಟ್‌ಗಳನ್ನು ಒಂದರ ಮೇಲೊಂದು ಜೋಡಿಸಿದ ಹಿಂದಿನ ಲೀಫ್ ಸ್ಪ್ರಿಂಗ್‌ನ ಒಳಗೆ, ಹೊರಗಿನಿಂದ ಕಾಣದ ಜಾಗದಲ್ಲಿತ್ತು.

ಗೋಣಿಕೊಪ್ಪಲಿನ ನಮ್ಮ ಗ್ಯಾರೇಜಿಗೆ ವಾಲಿದ ಗಾಡಿಗಳು ಬರ್ತಾನೇ ಇರ್ತವೆ. ಮೂಟೆ ಹೊತ್ತ ಜೀಪು, ಹಳೇ ಮಾರುತಿ, ಓಮ್ನಿ, ಎಲ್ಲವೂ. ಅದರಲ್ಲಿ ಈ ಒಂದನ್ನು ಪೂರ್ತಿ ಬರೆದಿಡುತ್ತಿದ್ದೇನೆ. ಯಾವ ಮೂಲೆ ತಗ್ಗಿದೆಯೋ ಅದೇ ಮೂಲೆಯ ಸ್ಪ್ರಿಂಗ್ ಕೆಟ್ಟಿದೆ ಅನ್ನುವ ಲೆಕ್ಕದಲ್ಲಿ ಜನರ ದುಡ್ಡು ಸುಮ್ನೆ ಹಾಳಾಗ್ತಿದೆ. ಅಳೆದು ನೋಡಿದರೆ ಒಂದು ಮಧ್ಯಾಹ್ನದಲ್ಲಿ ಉತ್ತರ ಸಿಗುತ್ತದೆ. ಅದಕ್ಕೆ ದೊಡ್ಡ ಯಂತ್ರವೂ ಬೇಡ.

ಪದ್ಮಿನಿ ಗೊತ್ತಿಲ್ಲದವರಿಗೆ ಎರಡು ಮಾತು. ಫಿಯಾಟ್ 1100ರ ವಿನ್ಯಾಸ, ತಯಾರಾಗುತ್ತಿದ್ದದ್ದು ಮುಂಬೈನ ಕುರ್ಲಾದಲ್ಲಿ. ಮುಂದಿನ ಎರಡೂ ಚಕ್ರಕ್ಕೆ ವಿಶ್‌ಬೋನ್ (ಚಕ್ರ ಹಿಡಿಯುವ ತೋಳು) ಮತ್ತು ಕಾಯಿಲ್ (ಸುರುಳಿ) ಸ್ಪ್ರಿಂಗ್. ಹಿಂದೆ ಒಂದೇ ಗಟ್ಟಿ ಆಕ್ಸಲ್, ಅದರ ಮೇಲೆ ಎಡಕ್ಕೊಂದು ಬಲಕ್ಕೊಂದು ಲೀಫ್ ಸ್ಪ್ರಿಂಗ್. ಬಲ ಅಂದರೆ ಡ್ರೈವರ್ ಕಡೆ ಅಂತ ನೆನಪಿಡಿ, ಮುಂದೆ ಲೆಕ್ಕ ಬರುತ್ತದೆ.

ದೂರು ಏನಿತ್ತು

ಮಾಲೀಕರಿಗೆ ವಯಸ್ಸಾಗಿದೆ. ಗಾಡಿ ಅವರ ತಂದೆ ಕಾಲದಿಂದ ಮನೆಯಲ್ಲಿದೆ, ಮಾರುವ ಮಾತೇ ಇಲ್ಲ. ಅವರು ಹೇಳಿದ್ದು ಇಷ್ಟು: "ನೋಡಪ್ಪ, ಕಾಫಿ ಕುಯ್ಲು ಮುಗಿಯುವ ಹೊತ್ತಿಗೆ ಗಾಡಿ ಸ್ವಲ್ಪ ಬಲಕ್ಕೆ ಕೂತ ಹಾಗೆ ಕಾಣ್ತಿತ್ತು. ಆಮೇಲೆ ಒಂದು ದಿನ ಇದ್ದಕ್ಕಿದ್ದ ಹಾಗೆ ಜಾಸ್ತಿ ಆಯ್ತು. ಮುಂದಿನ ಸ್ಪ್ರಿಂಗ್‌ಗೆ ಪ್ಯಾಕಿಂಗ್ ಹಾಕಿಸಿದೆ. ಈಗ ನೋಡೋಕೆ ಪರವಾಗಿಲ್ಲ, ಆದ್ರೆ ಮಳೇಲಿ ಬ್ರೇಕ್ ಒತ್ತಿದ್ರೆ ಬಲಕ್ಕೆ ಎಳೀತದೆ."

ಈ ಕೊನೆಯ ಮಾತು ನನ್ನ ಕಿವಿಗೆ ಬಿತ್ತು. ಎದುರಿನ ಗಾಡಿ ಬರುವುದು ಬಲಗಡೆಯಿಂದಲೇ. ಕೊಡಗಿನ ರಸ್ತೆಯಲ್ಲಿ, ತಿರುವಿನಲ್ಲಿ, ಒದ್ದೆ ಟಾರಿನ ಮೇಲೆ ಗಾಡಿ ಬ್ರೇಕಿಗೆ ಬಲಕ್ಕೆ ಎಳೆದರೆ ಅದು ಅಂದಚಂದದ ವಿಷಯ ಅಲ್ಲ, ಜೀವದ ವಿಷಯ.

ಮೊದಲ ಕೆಲಸ ಮಾಡಿದ್ದು ಬೇರೆ ಗ್ಯಾರೇಜು. ಬಲ ಮುಂದಿನ ಕಾಯಿಲ್ ಸುತ್ತುಗಳ ನಡುವೆ ಗಟ್ಟಿ ರಬ್ಬರ್ ತುರುಕಿ ಮೂಲೆಯನ್ನು ಎತ್ತಿದ್ದರು. ಎಳೆತದ ದೂರು ಬಂದಾಗ ಬ್ರೇಕನ್ನೂ ಟೈಟ್ ಮಾಡಿ ಕೊಟ್ಟಿದ್ದರು. ನಾನು ಮುಂದಿನ ಎರಡೂ ಡ್ರಮ್ ಬಿಚ್ಚಿ ನೋಡಿದೆ. ಶೂ ಎರಡೂ ಕಡೆ ಒಂದೇ ಸಮ ಸವೆದಿತ್ತು. ವೀಲ್ ಸಿಲಿಂಡರ್ ಒಣಗಿತ್ತು, ಎಲ್ಲೂ ಸೋರಿಕೆ ಇಲ್ಲ. ಬ್ರೇಕಿನಲ್ಲಿ ತಪ್ಪು ಸಿಗಲಿಲ್ಲ.

ಸಮತಟ್ಟು ಜಾಗ ಎಲ್ಲಿದೆ?

ಗಾಡಿಯನ್ನು ನೋಡಿದ್ದು ಅವರ ಮನೆಯ ಕಾಫಿ ಕಣದಲ್ಲಿ. ಕಣ ಅಂದರೆ ಸಿಮೆಂಟ್ ಹಾಕಿದ ದೊಡ್ಡ ಅಂಗಳ, ನೋಡಿದರೆ ಇದಕ್ಕಿಂತ ಸಮ ಜಾಗ ಇನ್ನೆಲ್ಲಿ ಅನ್ನಿಸುತ್ತದೆ. ಆದರೆ ಮಳೆ ನೀರು ನಿಲ್ಲಬಾರದು ಅಂತ ಕಣವನ್ನು ಇಳಿಜಾರಾಗಿಯೇ ಕಟ್ಟಿರುತ್ತಾರೆ. ಅದರ ಮೇಲೆ ಗಾಡಿ ನಿಲ್ಲಿಸಿ ಅಳೆದರೆ ಗಾಡಿಯ ಓರೆಗೆ ಕಣದ ಓರೆಯೂ ಸೇರಿಬಿಡುತ್ತದೆ. ನಮ್ಮ ಗ್ಯಾರೇಜಿನ ನೆಲವೂ ಹಾಗೇ, ತೊಳೆದ ನೀರು ಹೋಗಲಿ ಅಂತ ಒಂದು ಕಡೆಗೆ ಜಾರು.

ಇದಕ್ಕೆ ಗಾರೆ ಕೆಲಸದವರ ಲೆವೆಲ್ ಪೈಪ್ ಸಾಕು. ಪಾರದರ್ಶಕ ಪ್ಲಾಸ್ಟಿಕ್ ಪೈಪಿಗೆ ನೀರು ತುಂಬಿ, ಒಳಗೆ ಗಾಳಿಗುಳ್ಳೆ ಇಲ್ಲದ ಹಾಗೆ ನೋಡಿಕೊಂಡು, ನಾಲ್ಕು ಚಕ್ರ ನಿಲ್ಲುವ ಜಾಗಕ್ಕೂ ಮಟ್ಟ ಹಿಡಿದೆವು. ತಗ್ಗಿದ ಕಡೆ ತೆಳು ಹಲಗೆ ಕೊಟ್ಟು ನಾಲ್ಕನ್ನೂ ಒಂದೇ ಮಟ್ಟಕ್ಕೆ ತಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದೆವು. ಪೈಪ್ ಸಿಗದಿದ್ದರೆ ಇನ್ನೊಂದು ದಾರಿ ಉಂಟು: ಒಂದು ಸಲ ಅಳೆದು, ಗಾಡಿ ತಿರುಗಿಸಿ ಅದೇ ಜಾಗದಲ್ಲಿ ಹಿಂದುಮುಂದಾಗಿ ನಿಲ್ಲಿಸಿ ಮತ್ತೆ ಅಳೆಯಿರಿ. ಎರಡರ ಸರಾಸರಿ ತೆಗೆದರೆ ನೆಲದ ತಪ್ಪು ಹೆಚ್ಚುಕಡಿಮೆ ಕಳೆದುಹೋಗುತ್ತದೆ.

ಅಳೆಯುವ ಮೊದಲು ಡಿಕ್ಕಿ ಖಾಲಿ ಮಾಡಿಸಿದೆವು. ಕತ್ತಿ, ಸರಪಳಿ, ಅರ್ಧ ಮೂಟೆ ಕರಿಮೆಣಸು, ಎಲ್ಲವೂ ಒಂದೇ ಮೂಲೆಯಲ್ಲಿ ಬಿದ್ದಿದ್ದವು. ಟೈರ್ ನಾಲ್ಕೂ ಒಂದೇ ಸೈಜು ಅಂತ ಖಚಿತ ಮಾಡಿ, ಗಾಳಿ ಸರಿ ಮಾಡಿದೆವು. ಆಮೇಲೆ ಹ್ಯಾಂಡ್‌ಬ್ರೇಕ್ ಬಿಟ್ಟು ಗಾಡಿಯನ್ನು ಹಿಂದೆ ಮುಂದೆ ತಳ್ಳಿ, ನಾಲ್ಕೂ ಮೂಲೆ ಒತ್ತಿ ಕುಣಿಸಿ, ತಾನಾಗಿ ಕೂರಲು ಬಿಟ್ಟೆವು. ಜಾಕಿ ಹಾಕಿ ಇಳಿಸಿದ ತಕ್ಷಣ ಅಳೆದರೆ ಲೆಕ್ಕ ಸುಳ್ಳು ಬರುತ್ತದೆ. ಚಕ್ರಗಳು ಒಳಗೆ ಎಳೆದುಕೊಂಡಿರುತ್ತವೆ, ಕೀಲುಗಳಲ್ಲಿರುವ ರಬ್ಬರ್ ಬುಷ್‌ಗಳು ತಿರುಚಿಕೊಂಡಿರುತ್ತವೆ.

ಅಳತೆ ನೆಲದಿಂದ ತೆಗೆಯಲಿಲ್ಲ. ಹಬ್‌ನ (ಚಕ್ರದ ಗುಂಬದ) ನಡುಮಧ್ಯದಿಂದ ಮಡ್‌ಗಾರ್ಡ್ ಅಂಚಿನವರೆಗೆ ತೆಗೆದೆವು. ಹಾಗೆ ಮಾಡಿದರೆ ಟೈರಿನ ಸವೆತ, ಗಾಳಿ ಯಾವುದೂ ಅಳತೆಯೊಳಗೆ ಬರುವುದಿಲ್ಲ.

ಮೊದಲ ಅಳತೆ

ಮುಂದೆ ಎಡ 349 ಮಿ.ಮೀ., ಬಲ 337. ಹಿಂದೆ ಎಡ 312, ಬಲ 301. ಅಂದರೆ ಮುಂದೆ 12, ಹಿಂದೆ 11 ಮಿ.ಮೀ. ಬಲಕ್ಕೆ ತಗ್ಗು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮುಂದೆ ಹಿಂದೆ ಎರಡೂ ಕಡೆ ಓರೆ ಒಂದೇ ಇದೆ, ಅಲ್ವಾ? ಇದು ಆಕಸ್ಮಿಕ ಅಲ್ಲ. ಕಾರಿನ ಬಾಡಿ ಗಟ್ಟಿ. ಒಂದು ತುದಿ ಬಲಕ್ಕೆ ವಾಲಿದರೆ ಇನ್ನೊಂದು ತುದಿಯೂ ಅಷ್ಟೇ ವಾಲಲೇಬೇಕು. ತಪ್ಪು ಮುಂದಿನ ಸ್ಪ್ರಿಂಗಿನದಾದರೂ, ಹಿಂದಿನದಾದರೂ, ಎಡಬಲದ ವ್ಯತ್ಯಾಸ ಎರಡು ಕಡೆಯೂ ಹೀಗೇ ಬರುತ್ತದೆ. ಹಾಗಾಗಿ ಈ ಅಳತೆಯಿಂದ ಗಾಡಿ ಎಷ್ಟು ವಾಲಿದೆ ಅಂತ ಗೊತ್ತಾಗುತ್ತದೆಯೇ ಹೊರತು ಯಾರು ವಾಲಿಸಿದ್ದು ಅಂತ ಗೊತ್ತಾಗುವುದಿಲ್ಲ. ಕಣ್ಣಿಗೆ ಮುಂದಿನ ಓರೆ ಜಾಸ್ತಿ ಕಾಣುವುದಕ್ಕೆ ಕಾರಣ ಬಂಪರ್, ಗ್ರಿಲ್, ನಂಬರ್ ಪ್ಲೇಟ್. ಅಷ್ಟೊಂದು ಅಡ್ಡಗೆರೆ ಇದ್ದರೆ ಓರೆ ಬೇಗ ಕಣ್ಣಿಗೆ ಹೊಡೆಯುತ್ತದೆ. ಜೊತೆಗೆ ಡ್ರೈವರ್ ಕೂರುವ ಕಡೆಯ ಸ್ಪ್ರಿಂಗ್ ಮೊದಲು ಕೂರುತ್ತದೆ ಅನ್ನುವ ನಂಬಿಕೆ. ಅದರಲ್ಲಿ ಸತ್ಯವೂ ಇದೆ, ಅದಕ್ಕೇ ಜನ ಅಲ್ಲಿಗೇ ಕೈ ಹಾಕುತ್ತಾರೆ.

ತೂಕದ ಮೆಷಿನ್ ಹೇಳಿದ್ದು

ಎಸ್ಟೇಟಿನಲ್ಲಿ ಕಾಫಿ ಹಣ್ಣು ತೂಗುವ ಪ್ಲಾಟ್‌ಫಾರ್ಮ್ ಮೆಷಿನ್ ಇತ್ತು, 300 ಕೆ.ಜಿ. ತನಕ ತೂಗುವಂಥದ್ದು. ಪದ್ಮಿನಿಯ ಒಂದು ಚಕ್ರದ ಭಾರ ಅದರೊಳಗೆ ಬರುತ್ತದೆ. ಮುಂದಿನ ಒಂದು ಚಕ್ರವನ್ನು ಮೆಷಿನ್ ಮೇಲೆ ಹತ್ತಿಸಿ, ಉಳಿದ ಮೂರು ಚಕ್ರದ ಕೆಳಗೆ ಅದೇ ಎತ್ತರಕ್ಕೆ ಸಿಲ್ವರ್ ಓಕ್ ಹಲಗೆ ಕೊಟ್ಟು, ಉರುಳದ ಹಾಗೆ ಅಡ್ಡ ಇಟ್ಟು ತೂಗಿದೆವು. ಆಮೇಲೆ ಇನ್ನೊಂದು ಚಕ್ರ.

ಎಡ ಮುಂದಿನ ಚಕ್ರ 205 ಕೆ.ಜಿ., ಬಲ ಮುಂದಿನದು 250.

ಒಂದೇ ಆಕ್ಸಲ್ ಸಾಲಿನಲ್ಲಿ 45 ಕೆ.ಜಿ. ವ್ಯತ್ಯಾಸ, ಅದೂ ಒಳಗೆ ಯಾರೂ ಕೂತಿಲ್ಲದಾಗ. ಬ್ರೇಕಿಗೆ ಗಾಡಿ ಬಲಕ್ಕೆ ಯಾಕೆ ಎಳೆಯುತ್ತಿತ್ತು ಅನ್ನುವುದು ಇಲ್ಲೇ ಗೊತ್ತಾಯಿತು. ಎಡ ಚಕ್ರದ ಮೇಲೆ ಭಾರ ಕಡಿಮೆ, ಒದ್ದೆ ರಸ್ತೆಯಲ್ಲಿ ಅದು ಬೇಗ ಲಾಕ್ ಆಗಿ, ಅಂದರೆ ತಿರುಗುವುದು ನಿಂತು, ಜಾರುತ್ತದೆ. ಬಲ ಚಕ್ರ ನೆಲ ಕಚ್ಚಿ ಹಿಡಿಯುತ್ತದೆ. ಗಾಡಿ ಹಿಡಿತ ಇರುವ ಕಡೆಗೆ ತಿರುಗುತ್ತದೆ.

ಆದರೆ ಬಲ ಮುಂದಿನ ಸ್ಪ್ರಿಂಗ್ ಸೋತಿದ್ದರೆ ಹೀಗಾಗಬಾರದು. ಸೋತ ಸ್ಪ್ರಿಂಗ್ ಭಾರ ಹೊರುವುದಿಲ್ಲ, ಭಾರವನ್ನು ಪಕ್ಕದವರ ಮೇಲೆ ಹಾಕುತ್ತದೆ. ನಾಲ್ಕು ಕಾಲಿನ ಮೇಜಿನಲ್ಲಿ ಒಂದು ಕಾಲು ಗಿಡ್ಡ ಆದರೆ ಆ ಕಾಲಿನ ಮೇಲೂ, ಅದಕ್ಕೆ ಕರ್ಣದಲ್ಲಿರುವ ಕಾಲಿನ ಮೇಲೂ ಭಾರ ಕಡಿಮೆ ಆಗುತ್ತದೆ. ಉಳಿದ ಎರಡು ಕಾಲು ಜಾಸ್ತಿ ಹೊರುತ್ತವೆ. ಇಲ್ಲಿ ಹಗುರವಾಗಿರುವುದು ಎಡ ಮುಂದಿನ ಚಕ್ರ. ಅದರ ಕರ್ಣದಲ್ಲಿರುವುದು ಬಲ ಹಿಂದಿನದು. ಗಾಡಿ ಬಲಕ್ಕೆ ವಾಲಿದೆ, ಹಾಗಾಗಿ ಅನುಮಾನ ಹೋಗಬೇಕಾದ್ದು ಬಲ ಹಿಂದಿನ ಮೂಲೆಯ ಮೇಲೆ.

ಪ್ಯಾಕಿಂಗ್ ಮಾಡಿದ್ದೇನು ಅಂತ ಈಗ ಯೋಚಿಸಿ. ಬಲ ಮುಂದಿನ ಮೂಲೆಯನ್ನು ಎತ್ತಿದಾಗ ಬಾಡಿ ನೆಟ್ಟಗೆ ಕಂಡಿತು. ಆದರೆ ಮೊದಲೇ ಜಾಸ್ತಿ ಹೊರುತ್ತಿದ್ದ ಚಕ್ರದ ಮೇಲೆ ಇನ್ನಷ್ಟು ಭಾರ ಬಿತ್ತು, ಹಗುರವಾಗಿದ್ದ ಎಡ ಮುಂದಿನದು ಇನ್ನೂ ಹಗುರವಾಯಿತು. ಓರೆ ಕಮ್ಮಿಯಾಗಿ ಎಳೆತ ಜಾಸ್ತಿಯಾದದ್ದು ಇದಕ್ಕೇ.

ರಬ್ಬರ್ ತೆಗೆಸಿದೆ. ಓರೆ ಮುಂದೆ 20, ಹಿಂದೆ 19 ಮಿ.ಮೀ.ಗೆ ಏರಿತು. ತೂಕ ಎಡ 211, ಬಲ 244 ಆಯಿತು. ನೋಡೋಕೆ ಗಾಡಿ ಇನ್ನೂ ಕೆಟ್ಟಿತು, ಭಾರದ ಲೆಕ್ಕದಲ್ಲಿ ಸುಧಾರಿಸಿತು. ಮಾಲೀಕರು ಗಾಬರಿಯಾದರು. "ಇದೇ ನಿಜವಾದ ಓರೆ ಸಾರ್, ಇಷ್ಟು ದಿನ ಅಡಗಿತ್ತು" ಅಂದೆ.

ಜಾಕಿಯ ಪರೀಕ್ಷೆ

ತೂಕದ ಮೆಷಿನ್ ಎಲ್ಲರ ಹತ್ತಿರ ಇರುವುದಿಲ್ಲ. ಜಾಕಿ ಇರುತ್ತದೆ. ಈ ಪರೀಕ್ಷೆ ಯಾವ ಗಾಡಿಗೂ ಆಗುತ್ತದೆ, ಹೊಸಬರು ಇದನ್ನು ಕಲಿಯಲೇಬೇಕು ಅಂತ ನನಗೆ ಆಸೆ.

ಹಿಂದಿನ ಚಕ್ರಕ್ಕೆ ಅಡ್ಡ ಕೊಟ್ಟು, ಟ್ರಾಲಿ ಜಾಕಿಯನ್ನು ಮುಂದಿನ ಕ್ರಾಸ್ ಮೆಂಬರಿನ (ಗಾಡಿಯ ಅಡಿಯ ಅಡ್ಡ ತೊಲೆಯ) ಸರಿಯಾಗಿ ನಡುವಿಗೆ ಹಾಕಿ ಎತ್ತಿ. ಆಯಿಲ್ ಚೇಂಬರಿಗೆ ಅಲ್ಲ, ಅದು ನಜ್ಜುಗುಜ್ಜಾಗುತ್ತದೆ. ಜಾಕಿ ತಲೆಗೂ ಕ್ರಾಸ್ ಮೆಂಬರಿಗೂ ನಡುವೆ ಕಿರಿದಾದ ಮರದ ತುಂಡು ಇರಲಿ, ಗಾಡಿ ಅದರ ಮೇಲೆ ಎಡಕ್ಕೂ ಬಲಕ್ಕೂ ಸುಲಭವಾಗಿ ವಾಲುವಂತಿರಬೇಕು. ಮುಂದಿನ ಚಕ್ರಗಳು ನೆಲ ಬಿಟ್ಟರೆ ಸಾಕು, ಜಾಸ್ತಿ ಎತ್ತಬೇಡಿ. ಎರಡೂ ಪಕ್ಕ ಸ್ಟ್ಯಾಂಡ್ ಇಡಿ, ಬಾಡಿಗೆ ತಾಗದ ಹಾಗೆ ಸ್ವಲ್ಪ ಕೆಳಗೆ. ಜಾಕಿ ಜಾರಿದರೆ ಹಿಡಿಯೋಕೆ. ಕೆಳಗೆ ಯಾರೂ ಹೋಗಬಾರದು.

ಈಗ ಮುಂದಿನ ಸ್ಪ್ರಿಂಗ್‌ಗಳಿಗೆ ಗಾಡಿಯ ಓರೆಯ ಮೇಲೆ ಹಿಡಿತವೇ ಇಲ್ಲ. ವಾಲಿಸುವುದೂ ನಿಲ್ಲಿಸುವುದೂ ಹಿಂದಿನವು ಮಾತ್ರ. ಹಿಂದಿನ ಓರೆ ಅಳೆದೆವು: 19 ಇದ್ದದ್ದು 38 ಮಿ.ಮೀ. ಆಯಿತು. ಮುಂದಿನ ಸ್ಪ್ರಿಂಗ್‌ಗಳು ಇಷ್ಟು ಹೊತ್ತು ಗಾಡಿಯನ್ನು ಬಲಕ್ಕೆ ಬೀಳದ ಹಾಗೆ ತಡೆದು ಹಿಡಿದಿದ್ದವು. ಅವುಗಳನ್ನು ಲೆಕ್ಕದಿಂದ ತೆಗೆದ ತಕ್ಷಣ ಹಿಂದಿನ ತಪ್ಪು ಪೂರ್ತಿ ಹೊರಗೆ ಬಂತು.

ಆಮೇಲೆ ಉಲ್ಟಾ ಪರೀಕ್ಷೆ. ಮುಂದಿನ ಚಕ್ರಕ್ಕೆ ಅಡ್ಡ ಕೊಟ್ಟು, ಹಿಂದಿನ ಆಕ್ಸಲಿನ ನಡುವೆ ಉಬ್ಬಿರುವ ಡಿಫರೆನ್ಷಿಯಲ್ ಕೆಳಗೆ ಜಾಕಿ ಹಾಕಿ ಹಿಂದಿನ ಚಕ್ರಗಳನ್ನು ನೆಲದಿಂದ ಬಿಡಿಸಿದೆವು. ಈಗ ಓರೆ ಮುಂದಿನ ಸ್ಪ್ರಿಂಗ್‌ಗಳ ಕೈಯಲ್ಲಿ. ಮುಂದಿನ ವ್ಯತ್ಯಾಸ 2 ಮಿ.ಮೀ.ಗೆ ಇಳಿಯಿತು. ಅಷ್ಟು ವರ್ಷದ ಕಾಯಿಲ್‌ಗಳಿಗೆ ಅದು ಏನೇನೂ ಅಲ್ಲ.

ಮುಂದಿನ ಕಾಯಿಲ್ ಬಿಚ್ಚುವ ಯೋಚನೆಯನ್ನು ಇಲ್ಲಿಗೇ ಬಿಟ್ಟೆ. ವಿಶ್‌ಬೋನ್ ನಡುವೆ ಒತ್ತಿ ಕೂತಿರುವ ಕಾಯಿಲ್ ತೆಗೆಯುವುದು ಅಪಾಯದ ಕೆಲಸ, ಕೈ ಜಾರಿದರೆ ಮೂಳೆ ಮುರಿಯುತ್ತದೆ. ಬೇಕಿಲ್ಲದಿದ್ದರೆ ಮುಟ್ಟಬಾರದು. ಶಾಕ್ ಅಬ್ಸಾರ್ಬರ್ ಬಗ್ಗೆಯೂ ಮಾಲೀಕರು ಕೇಳಿದರು. ಈ ಗಾಡಿಯ ಶಾಕ್ ಭಾರ ಹೊರುವುದಿಲ್ಲ, ಕುಣಿತ ತಡೆಯುತ್ತದೆ ಅಷ್ಟೇ. ಓರೆಗೆ ಶಾಕ್ ಬದಲಿಸಿದರೆ ಶಾಕ್ ಮಾತ್ರ ಹೊಸದಾಗುತ್ತದೆ, ಓರೆ ಅಲ್ಲೇ ಇರುತ್ತದೆ.

ದಾರ ಕಟ್ಟಿ ನೋಡಿದ್ದು

ಹಿಂದಿನ ಎರಡು ಲೀಫ್ ಸ್ಪ್ರಿಂಗ್‌ಗಳಿಗೆ ಕೆಂಪು ಮಣ್ಣು ಮೆತ್ತಿ ಗಟ್ಟಿಯಾಗಿತ್ತು. ನೀರು ಹೊಡೆದು, ವೈರ್ ಬ್ರಷ್ ಹಾಕಿ ತೊಳೆದೆವು. ಗಾಡಿ ಚಕ್ರದ ಮೇಲೆ ನಿಂತಿರುವಾಗಲೇ, ಮೂಟೆ ಹೊಲಿಯುವ ದಾರವನ್ನು ಸ್ಪ್ರಿಂಗಿನ ಮುಂದಿನ ಕಣ್ಣಿನಿಂದ (ತುದಿಯ ಸುರುಳಿಯಿಂದ) ಹಿಂದಿನ ಕಣ್ಣಿಗೆ ಬಿಗಿಯಾಗಿ ಹಿಡಿದು, ನಡುವಿನಲ್ಲಿ ದಾರಕ್ಕೂ ಕಣ್ಣುಗಳಿರುವ ಮೇನ್ ಪ್ಲೇಟಿಗೂ ಎಷ್ಟು ಅಂತರ ಇದೆ ಅಂತ ಅಳೆದೆ. ಎಡಕ್ಕಿಂತ ಬಲದಲ್ಲಿ ಅಂತರ ತುಂಬಾ ಕಡಿಮೆ. ಎಡದ್ದಕ್ಕೆ ಇನ್ನೂ ಕಮಾನು ಉಳಿದಿತ್ತು, ಬಲದ್ದು ಬಹುತೇಕ ಚಪ್ಪಟೆ. ಜಾಕಿ ಪರೀಕ್ಷೆ ಹೇಳಿದ್ದೂ ತಪ್ಪು ಹಿಂದೆ ಅಂತಲೇ. ಎರಡು ಬೇರೆ ಬೇರೆ ದಾರಿಯಲ್ಲಿ ಒಂದೇ ಉತ್ತರ ಬಂದಾಗ ಧೈರ್ಯವಾಗಿ ಸ್ಪ್ಯಾನರ್ ಹಿಡಿಯಬಹುದು.

ಹೊರಗಿನಿಂದ ಯಾವ ಪ್ಲೇಟೂ ಮುರಿದ ಹಾಗೆ ಕಾಣಲಿಲ್ಲ. ಆದರೆ ಸ್ಪ್ರಿಂಗನ್ನು ಆಕ್ಸಲಿಗೆ ಬಿಗಿದಿಡುವ ಬಲಗಡೆಯ ಯು ಬೋಲ್ಟ್ ನಟ್‌ಗಳು ಸ್ಪ್ಯಾನರ್ ಹಾಕಿದ ತಕ್ಷಣ ತಿರುಗಿದವು. ತುಕ್ಕು ಹಿಡಿದ ಹಳೇ ನಟ್ ಅಷ್ಟು ಸಲೀಸಾಗಿ ತಿರುಗಬಾರದು. ಎಡಗಡೆಯವಕ್ಕೆ ಎಣ್ಣೆ ಹಾಕಿ ಉದ್ದ ಪೈಪ್ ಕೊಟ್ಟು ಎಳೆಯಬೇಕಾಯಿತು. ಮಾಲೀಕರನ್ನು ಕೇಳಿದೆ. ಹಿಂದೊಮ್ಮೆ ಬಲಗಡೆಯ ಬುಷ್ ಬದಲಿಸಿದ್ದರಂತೆ. ಆಗ ಬಿಚ್ಚಿದ ಯು ಬೋಲ್ಟನ್ನು ಓಡಿಸಿದ ಮೇಲೆ ಮತ್ತೆ ಟೈಟ್ ಮಾಡಿರಲಿಲ್ಲ.

ಬಾಡಿಯನ್ನು ಸ್ಟ್ಯಾಂಡ್ ಮೇಲೆ, ಆಕ್ಸಲನ್ನು ಜಾಕಿಯ ಮೇಲೆ ನಿಲ್ಲಿಸಿ ಬಲ ಸ್ಪ್ರಿಂಗ್ ಇಳಿಸಿದೆವು. ಪ್ಲೇಟ್‌ಗಳನ್ನು ನಡುವೆ ಹಿಡಿದಿಡುವ ಸೆಂಟರ್ ಬೋಲ್ಟ್ ಬಿಚ್ಚುವ ಮೊದಲು ಪಕ್ಕದಲ್ಲಿ ಸಿ ಕ್ಲ್ಯಾಂಪ್ ಬಿಗಿದುಕೊಳ್ಳಬೇಕು, ಇಲ್ಲದಿದ್ದರೆ ಪ್ಲೇಟ್‌ಗಳು ಸಿಡಿಯುತ್ತವೆ. ಕ್ಲ್ಯಾಂಪನ್ನು ನಿಧಾನವಾಗಿ ಸಡಿಲಿಸಿದಾಗ ಎರಡನೇ ಪ್ಲೇಟ್ ಎರಡು ತುಂಡಾಗಿ ಕೈಗೆ ಬಂತು. ಸೆಂಟರ್ ಬೋಲ್ಟಿನ ತೂತಿನ ಮೇಲೇ ಮುರಿದಿತ್ತು. ಆಕ್ಸಲ್ ಪ್ಯಾಡ್ ಮತ್ತು ಯು ಬೋಲ್ಟ್ ಪ್ಲೇಟಿನ ನಡುವೆ ಪೂರ್ತಿ ಮುಚ್ಚಿಹೋಗಿದ್ದ ಜಾಗ ಅದು.

ಮುರಿದ ಮುಖವನ್ನು ಬೆಳಕಿಗೆ ಹಿಡಿದು ನೋಡಿ ಅಂತ ಮಾಲೀಕರ ಕೈಗೆ ಕೊಟ್ಟೆ. ತೂತಿನ ಒಂದು ಪಕ್ಕ ಪೂರ್ತಿ, ಇನ್ನೊಂದು ಪಕ್ಕ ಅರ್ಧಕ್ಕಿಂತ ಜಾಸ್ತಿ, ಕಪ್ಪು ಕಂದು ತುಕ್ಕು. ಅಂಚಿನಲ್ಲಿ ಮಾತ್ರ ಒಂದು ಸಣ್ಣ ಪಟ್ಟಿ, ಬೂದು ಬಣ್ಣ, ಹರಳು ಹರಳಾಗಿ, ತುಕ್ಕು ಆಗತಾನೇ ಹಿಡಿಯುತ್ತಿತ್ತು. ಬಿರುಕು ಬಿಟ್ಟು ಬಹಳ ಕಾಲ ಆಗಿದೆ. ಉಳಿದಿದ್ದ ಆ ಸಣ್ಣ ಪಟ್ಟಿ ಹರಿದದ್ದು ಇತ್ತೀಚೆಗೆ. "ಕುಯ್ಲಿನ ಹೊತ್ತಿಗೆ ಸ್ವಲ್ಪ, ಆಮೇಲೆ ಇದ್ದಕ್ಕಿದ್ದ ಹಾಗೆ ಜಾಸ್ತಿ" ಅಂತ ಅವರು ಹೇಳಿದ್ದಕ್ಕೂ ಇದಕ್ಕೂ ಸರಿಯಾಗಿ ತಾಳೆ ಆಯಿತು.

ಮುರಿದಿದ್ದಕ್ಕೆ ಕಾರಣ ಸಡಿಲ ಯು ಬೋಲ್ಟ್ ಅಂತಲೇ ನನ್ನ ತೀರ್ಮಾನ. ಪ್ಲೇಟಿನಲ್ಲಿ ತೂತು ಇರುವ ಜಾಗವೇ ಅತ್ಯಂತ ಬಲಹೀನ. ಯು ಬೋಲ್ಟ್ ಬಿಗಿಯಾಗಿದ್ದರೆ ಆ ಜಾಗ ಬಾಗುವುದೇ ಇಲ್ಲ, ಆಚೆ ಈಚೆ ಬಾಗುತ್ತದೆ. ಸಡಿಲವಾದರೆ ಪ್ರತಿ ಗುಂಡಿಗೂ ತೂತಿನ ಹತ್ತಿರವೇ ಬಾಗಿ ಬಾಗಿ ಬಿರುಕು ಹುಟ್ಟುತ್ತದೆ.

ರಿಪೇರಿ

ಮುರಿದ ಒಂದು ಪ್ಲೇಟ್ ಮಾತ್ರ ಹಾಕಿ ಅಂತ ಮಾಲೀಕರ ಆಸೆ ಇತ್ತು. ನಾನು ಒಪ್ಪಲಿಲ್ಲ. ಎಡ ಸ್ಪ್ರಿಂಗಿನಲ್ಲಿ ಹಳೇ ಪ್ಲೇಟು, ಬಲದಲ್ಲಿ ಹೊಸತು ಅಂದರೆ ಗಾಡಿ ಈಗ ಎಡಕ್ಕೆ ವಾಲುತ್ತದೆ. ಎರಡೂ ಸ್ಪ್ರಿಂಗ್ ಇಳಿಸಿ ಮೈಸೂರಿಗೆ ಕಳಿಸಿದೆವು. ಎರಡಕ್ಕೂ ಹೊಸ ಎರಡನೇ ಪ್ಲೇಟ್, ಉಳಿದ ಪ್ಲೇಟ್‌ಗಳಿಗೆ ಕಮಾನು. ಕಮಾನು ಕೊಡಿಸುವಾಗ ಒಂದು ವಿಷಯ ಕೇಳಲೇಬೇಕು: ಬಾಗಿಸಿದ ಮೇಲೆ ಕಾಯಿಸಿ ಹದ ಕೊಡುತ್ತಾರಾ, ಇಲ್ಲ ತಣ್ಣಗಿರುವಾಗಲೇ ಸುತ್ತಿಗೆಯಲ್ಲಿ ಬಡಿದು ಬಾಗಿಸುತ್ತಾರಾ? ಬರೀ ಬಡಿದದ್ದು ಬೇಗ ಮತ್ತೆ ಕೂರುತ್ತದೆ. ಎರಡೂ ಸ್ಪ್ರಿಂಗ್ ಪಕ್ಕಪಕ್ಕ ಇಟ್ಟು ಕಮಾನು ಒಂದೇ ಇದೆಯಾ ಅಂತ ನೋಡಿಯೇ ತರಬೇಕು.

ಜೋಡಿಸುವಾಗ ಹೊಸ ಸೆಂಟರ್ ಬೋಲ್ಟ್, ಹೊಸ ಯು ಬೋಲ್ಟ್, ಹೊಸ ರಬ್ಬರ್ ಬುಷ್ ಹಾಕಿದೆವು. ಕಣ್ಣಿನ ಬೋಲ್ಟ್ ಮತ್ತು ಶ್ಯಾಕಲ್ (ಸ್ಪ್ರಿಂಗಿನ ತುದಿಯನ್ನು ಬಾಡಿಗೆ ಸೇರಿಸುವ ಕೊಂಡಿ) ಬೋಲ್ಟುಗಳನ್ನು ಗಾಡಿ ನೆಲದ ಮೇಲೆ ತನ್ನ ಭಾರದಲ್ಲಿ ನಿಂತ ಮೇಲೆಯೇ ಕೊನೇ ಬಿಗಿ ಬಿಗಿದೆವು. ಚಕ್ರ ನೇತಾಡುವಾಗ ಬಿಗಿದರೆ ರಬ್ಬರ್ ಆ ಸ್ಥಿತಿಯಲ್ಲೇ ಕಚ್ಚಿಕೊಂಡು, ಇಳಿಸಿದಾಗ ತಿರುಚುತ್ತದೆ. ಒಂದು ಕಡೆ ಹೀಗೆ, ಇನ್ನೊಂದು ಕಡೆ ಹಾಗೆ ಬಿಗಿದರೆ ಹೊಸ ಸ್ಪ್ರಿಂಗ್ ಇದ್ದರೂ ಓರೆ ಬರುತ್ತದೆ, ಬುಷ್ ಕೂಡ ಬೇಗ ಹರಿಯುತ್ತದೆ.

ಅದೇ ಹಲಗೆ, ಅದೇ ಗುರುತುಗಳ ಮೇಲೆ ಮತ್ತೆ ಅಳೆದೆವು. ಓರೆ ಮುಂದೆ 3, ಹಿಂದೆ 2 ಮಿ.ಮೀ. ತೂಕ ಎಡ ಮುಂದೆ 226, ಬಲ ಮುಂದೆ 229. ಹಳೇ ಗಾಡಿಯಲ್ಲಿ 5–6 ಮಿ.ಮೀ. ಒಳಗಿದ್ದರೆ ನಾನು ಬಿಟ್ಟುಬಿಡುತ್ತೇನೆ, ಅದರ ಹಿಂದೆ ಬೀಳಬಾರದು. ಎತ್ತರ ಬದಲಾದ್ದರಿಂದ ವೀಲ್ ಅಲೈನ್‌ಮೆಂಟ್ ಮಾಡಿಸಿದೆವು. ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿ ನೋಡಿದೆ, ಸ್ಟಿಯರಿಂಗ್ ನೆಟ್ಟಗೆ ನಿಂತಿತು. ಬ್ರೇಕಿನಲ್ಲಿ ಒಂದು ಭಾಗವನ್ನೂ ಬದಲಿಸಿರಲಿಲ್ಲ.

ಬೇರೆ ಗಾಡಿಗಳಲ್ಲಿ

ಪರೀಕ್ಷೆ ಒಂದೇ, ಮುರಿಯುವ ಜಾಗ ಬೇರೆ. ಮಾರುತಿ 800, ಝೆನ್ ಮುಂದೆ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಎರಡೂ ಒಂದೇ ಕಂಬದಲ್ಲಿ) ಇರುವ ಗಾಡಿಗಳು. ಅವುಗಳಲ್ಲಿ ಕಾಯಿಲ್‌ನ ಕೆಳತುದಿ ಬಟ್ಟಲಿನಂಥ ಸೀಟಿನಲ್ಲಿ ಕೂರುತ್ತದೆ. ನಮ್ಮ ಮಳೆಯಲ್ಲಿ ಅಲ್ಲಿ ಕೆಸರು ನಿಂತು ತುಕ್ಕು ತಿಂದು, ಕೊನೇ ಸುತ್ತು ತುಂಡಾಗುತ್ತದೆ. ತುಂಡು ಅಲ್ಲೇ ಕೂತಿರುವುದರಿಂದ ಮೇಲ್ನೋಟಕ್ಕೆ ಕಾಣುವುದಿಲ್ಲ. ಸ್ಟಿಯರಿಂಗ್ ತಿರುಗಿಸುವಾಗ ಟಂಗ್ ಅಂತ ಸದ್ದು ಬಂದರೆ ಅಲ್ಲಿ ಕೈ ಆಡಿಸಿ ನೋಡಿ. ಸ್ಪ್ರಿಂಗ್ ಗಟ್ಟಿಯಿದ್ದು ಸೀಟೇ ಕೊಳೆತ ಗಾಡಿಗಳೂ ಉಂಟು. ಅಂಬಾಸಿಡರ್ ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು) ಇರುವುದರಿಂದ ಎತ್ತರ ಹೊಂದಿಸಲು ಆಗುತ್ತದೆ. ಅದೇ ಅಪಾಯ ಕೂಡ: ಹಿಂದಿನ ಪ್ಲೇಟ್ ಮುರಿದಿರುವಾಗ ಮುಂದಿನ ಬಾರ್ ಬಿಗಿದು ಗಾಡಿ ನೆಟ್ಟಗೆ ಮಾಡಿದರೆ ಈ ಪದ್ಮಿನಿಗೆ ಆದದ್ದೇ ಅದಕ್ಕೂ ಆಗುತ್ತದೆ.

ಪದ್ಮಿನಿಯ ಯು ಬೋಲ್ಟುಗಳನ್ನು ಸ್ವಲ್ಪ ಓಡಿಸಿದ ಮೇಲೆ ಮತ್ತೆ ಬಿಗಿ ಮಾಡಿಸಲು ಮಾಲೀಕರೇ ನೆನಪಿಟ್ಟುಕೊಂಡು ಬಂದರು. ಬಲಗಡೆಯ ನಟ್‌ಗಳು ಕಾಲು ಸುತ್ತು ತಿರುಗಿದವು, ಎಡದವೂ ಅಷ್ಟೇ. ಮಳೆಗಾಲ ಕಳೆದ ಮೇಲೆ ಅಳೆದಾಗ ಹಿಂದಿನ ಎರಡೂ ಸ್ಪ್ರಿಂಗ್ ಕೆಲವು ಮಿ.ಮೀ. ಕೂತಿದ್ದವು, ಆದರೆ ಎರಡೂ ಸಮವಾಗಿ. ಮುಂದಿನ ಎರಡೂ ಕಾಯಿಲ್ ಹೊಸದು ಹಾಕಿ ಗಾಡಿ ಎತ್ತರ ಮಾಡೋಣವಾ ಅಂತ ಕೇಳಿದರು. ಸ್ಪ್ರಿಂಗ್ ಪೂರ್ತಿ ಕೂತಾಗ ತಾಗುವ ಬಂಪ್ ಸ್ಟಾಪಿಗೆ ಇನ್ನೂ ಬೇಕಾದಷ್ಟು ಜಾಗ ಇದೆ, ಈಗ ಬೇಡ ಅಂದೆ. ಆರು ಅಳತೆಗಳನ್ನೂ, ಅಂದರೆ ನಾಲ್ಕು ಎತ್ತರ ಮತ್ತು ಮುಂದಿನ ಎರಡು ತೂಕ, ಒಂದು ಚೀಟಿಯಲ್ಲಿ ಬರೆದು ಗಾಡಿಯ ಆರ್‌ಸಿ ಜೊತೆ ಇಡಿಸಿದ್ದೇನೆ. ಮುಂದೆ ಯಾರು ಈ ಗಾಡಿಗೆ ಕೈ ಹಾಕಿದರೂ ಅಲ್ಲಿಂದಲೇ ಶುರು ಮಾಡಬಹುದು.